ಬದಿಯಡ್ಕದಿಂದ ಸೊಲ್ಲಾಪುರಕ್ಕೆ ಕಾರಲ್ಲಿ, ಅಮ್ಮ ಮತ್ತೆ ಮಕ್ಕಳು ಜೊತೆಗೆ: ಎಲ್ಲೆಲ್ಲಿ ನಿಲ್ಲುದು?

ಬದಿಯಡ್ಕದವ
ಎಲ್ಲರಿಗೂ ನಮಸ್ಕಾರ. ಕ್ರಿಸ್ಮಸ್ ರಜೆಯಲ್ಲಿ ತಂಗಿ ಮನೆಗೆ ಸೊಲ್ಲಾಪುರಕ್ಕೆ ಹೋಗ್ಲಿಕ್ಕುಂಟು, ಭಾವನಿಗೆ ಅಲ್ಲಿಗೆ ಟ್ರಾನ್ಸ್‌ಫರ್ ಆಗಿ ಎರಡು ವರ್ಷ ಆಯ್ತು, ಅಮ್ಮ ಇನ್ನೂ ಅವಳ ಮನೆ ನೋಡಿಲ್ಲ. ಹೋಗುದು ಕಾರಲ್ಲೇ. ನಾನು, ಹೆಂಡತಿ, ಅಮ್ಮ (72, ಗಂಟು ನೋವು ಉಂಟು, ಮೆಟ್ಲು ಹತ್ತುದು ಕಷ್ಟ), ಮಗಳು ಏಳನೇ ಕ್ಲಾಸು, ಮಗ ಒಂದನೇ ಕ್ಲಾಸು, ಅವನಿಗೆ ತಿರುವು ಕಂಡ್ರೆ ವಾಂತಿ. ಹೋಗ್ಲಿಕ್ಕೆ ಮೂರು ದಿನ ಇಟ್ಟುಕೊಂಡಿದ್ದೇವೆ, ದಾರಿಯಲ್ಲಿ ಎಲ್ಲ ನೋಡಿಕೊಂಡು ಹೋಗುವ ಅಂತ. ಈಗ ಲಿಸ್ಟಲ್ಲಿ ಇರುದು ಉಡುಪಿ, ಮರವಂತೆ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಮಿರ್ಜಾನ್ ಕೋಟೆ, ಯಾಣ, ಗೋಕರ್ಣ, ಮಾಗೋಡು, ಸಾತೊಡ್ಡಿ, ಉಣಕಲ್ ಕೆರೆ, ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಗೋಲಗುಮ್ಮಟ. ಒಟ್ಟು 18. ಯಾವುದಾದ್ರೂ ಬಿಟ್ಟು ಹೋಗಿದ್ರೆ ಹೇಳಿ.

ಕುಂಬಳೆ ಡ್ರೈವರ್
18 ಜಾಗ! ಇದು ಟ್ರಿಪ್ಪಾ ಬಸ್ಸಿನ ಬೋರ್ಡಾ ಮಾರಾಯ್ರೆ 😄

ಹೊಸೂರು ಹುಡುಗ
ಮಂಗಳೂರಿಂದ ವಿಜಯಪುರಕ್ಕೆ ಟ್ರೈನ್ ಇದೆಯಲ್ಲ ಗುರು, ಸುಮ್ನೆ ಮಲ್ಕೊಂಡು ಹೋಗೋದು ಬಿಟ್ಟು.

ಬದಿಯಡ್ಕದವ
ಟ್ರೈನ್ ಹೇಳಿದ್ರೆ ಮಗ ಅಳ್ತಾನೆ. ಅವನಿಗೆ ಹೊಸ ಕಾರಲ್ಲೇ ಹೋಗ್ಬೇಕು.

ಕುಂಬಳೆ ಡ್ರೈವರ್
ತಮಾಷೆ ಸಾಕು, ಈಗ ಸರಿಯಾಗಿ ಹೇಳ್ತೇನೆ. ನಾನು ಇಪ್ಪತ್ತು ವರ್ಷ ಟೂರಿಸ್ಟ್ ಗಾಡಿ ಓಡಿಸಿದವ. ನಿಮ್ಮ ಮನೆಯಿಂದ ಸೊಲ್ಲಾಪುರ ಏಳುನೂರು ಚಿಲ್ಲರೆ ಕಿಲೋಮೀಟರ್. ತಲಪಾಡಿ ತನಕ ಈಗ ಆರು ಲೇನು, ಸುಖ. ಮಂಗಳೂರಿಂದ ಅಂಕೋಲೆಗೆ ನ್ಯಾಷನಲ್ ಹೈವೇ 66ರಲ್ಲೇ ಹೋಗುದು, ಅಂಕೋಲೆಯಲ್ಲಿ ಬಲಕ್ಕೆ ತಿರುಗಿದ್ರೆ ಹೈವೇ 52, ಅದೇ ರೋಡು ಯಲ್ಲಾಪುರ, ಹುಬ್ಬಳ್ಳಿ, ವಿಜಯಪುರ ಆಗಿ ಸೀದಾ ಸೊಲ್ಲಾಪುರಕ್ಕೆ ಹೋಗ್ತದೆ, ಮತ್ತೆ ಮುಂದೆ ಪಂಜಾಬಿನವರೆಗೂ ಉಂಟು. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ತಪ್ಪುದು ಎಲ್ಲಿ ಅಂದ್ರೆ ಟೈಮಿನ ಲೆಕ್ಕ.

ನೀವು ಲಿಸ್ಟಿನಲ್ಲಿ 'ಮುರುಡೇಶ್ವರ, ಅರ್ಧ ಗಂಟೆ' ಅಂತ ಬರೆದಿರ್ತೀರಿ. ಹೈವೇಯಿಂದ ಒಳಗೆ ಹೋಗುದು, ಪಾರ್ಕಿಂಗ್ ಹುಡುಕುದು, ಚಪ್ಪಲಿ ಇಡುದು, ಗೋಪುರದ ಲಿಫ್ಟಿಗೆ ಕ್ಯೂ, ಅಮ್ಮನಿಗೆ ಬಾತ್‌ರೂಮು, ಮಗನಿಗೆ ಐಸ್‌ಕ್ರೀಮು, ಹೊರಡುವಾಗ ಯಾರೋ ಒಬ್ಬರು ಕಾಣುದಿಲ್ಲ, ಅವರನ್ನು ಹುಡುಕುದು. ಅರ್ಧ ಗಂಟೆಯದ್ದು ಎರಡು ಗಂಟೆ. ನನ್ನ ಗಾಡಿಯಲ್ಲಿ ಯಾವಾಗಲೂ ಇದೇ ಆದದ್ದು, ಒಂದು ಸಲವೂ ಬೇರೆ ಆದದ್ದಿಲ್ಲ. ಹಾಗಾಗಿ ನನ್ನ ಲೆಕ್ಕ ಏನಂದ್ರೆ ದಿನಕ್ಕೆ ಇಳಿದು ನೋಡುವ ಜಾಗ ಒಂದು, ಕಾಲು ಬಿಡಿಸ್ಲಿಕ್ಕೆ ನಿಲ್ಲಿಸುವ ಜಾಗ ಎರಡೋ ಮೂರೋ, ಅಷ್ಟೆ. ಕೊಲ್ಲೂರು, ಯಾಣ, ಮಾಗೋಡು, ಸಾತೊಡ್ಡಿ ಎಲ್ಲ ರೋಡು ಬಿಟ್ಟು ಒಳಗೆ. ಹೊಡೆದು ಹಾಕಿ. ಉಡುಪಿ ನಿಮಗೆ ಯಾವಾಗ ಬೇಕಾದ್ರೂ ಬೆಳಿಗ್ಗೆ ಹೋಗಿ ಸಂಜೆ ಬರ್ಬಹುದು, ಅದು ಎಂತಕ್ಕೆ ಲಿಸ್ಟಿನಲ್ಲಿ?

ಇನ್ನೊಂದು, ಪೆಟ್ರೋಲ್ ನಮ್ಮಲ್ಲಿ ಕೇರಳದಲ್ಲಿ ಹಾಕ್ಸಬೇಡಿ, ರೇಟು ಜಾಸ್ತಿ, ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಫುಲ್ ಮಾಡಿ. ಹಾಗೇ ಮಹಾರಾಷ್ಟ್ರಕ್ಕೆ ಹೋಗುವ ಮೊದಲು ಇನ್ನೊಮ್ಮೆ. ಸ್ವಂತ ಗಾಡಿ ಆದ ಕಾರಣ ಪರ್ಮಿಟ್ಟಿನ ತಲೆಬಿಸಿ ಇಲ್ಲ, ಹೊಗೆ ಸರ್ಟಿಫಿಕೇಟ್ ಮಾತ್ರ ಡೇಟು ನೋಡಿಕೊಳ್ಳಿ.

ಪೈವಳಿಕೆ ಟೀಚರ್
ಡ್ರೈವರಣ್ಣ ಹೇಳಿದ್ದು ನೂರಕ್ಕೆ ನೂರು. ನಾವು ಹೋದ ವರ್ಷ ಮಕ್ಕಳನ್ನು ಕಟ್ಟಿಕೊಂಡು ಹಂಪಿಗೆ ಹೋದದ್ದು, ಮೊದಲ ದಿನ ಐದು ದೇವಸ್ಥಾನ ತೋರಿಸಿದೆವು, ಎರಡನೇ ದಿನ ಕಾರಿನಿಂದ ಇಳಿಯುದೇ ಇಲ್ಲ ಹೇಳಿ ಕೂತದ್ದು ಇಬ್ಬರೂ. "ಅಮ್ಮಾ ಇದೂ ಕಲ್ಲೇ ಅಲ್ವಾ" ಅಂತ ಸಣ್ಣವ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ನಾನು ಹೇಳುದು, ಜಾಗ ನೀವೇ ಆರಿಸ್ಬೇಡಿ. ಮಗಳಿಗೆ ಒಂದು, ಮಗನಿಗೆ ಒಂದು, ಅಮ್ಮನಿಗೆ ಒಂದು, ನಿಮ್ಮಿಬ್ಬರಿಗೆ ಸೇರಿ ಒಂದು. ಅವರವರ ಜಾಗದ ಬಗ್ಗೆ ಅವರೇ ನಾಲ್ಕು ಮಾತು ತಿಳ್ಕೊಂಡು ಬಂದು ಕಾರಲ್ಲಿ ಎಲ್ಲರಿಗೆ ಹೇಳ್ಬೇಕು. ಏಳನೇ ಕ್ಲಾಸಿನವಳು ಖಂಡಿತ ಮಾಡ್ತಾಳೆ. ನೋಡುವಾಗಲೂ ಕೆಲಸ ಕೊಡಿ. ಬಾದಾಮಿಯ ಮೊದಲನೇ ಗುಹೆಯ ಹೊರಗೆ ನಟರಾಜ ಉಂಟು, ಕೈ ಎಷ್ಟು ಎಣಿಸು ಹೇಳಿ ಮಗನಿಗೆ. 18 ಕೈ. ಅವ ಮೂರು ಸಲ ತಪ್ಪಿ ತಪ್ಪಿ ಎಣಿಸುವಾಗ ನಿಮಗೆ ಆರಾಮಾಗಿ ನೋಡ್ಲಿಕ್ಕೆ ಆಗ್ತದೆ!

ವಾಂತಿಗೆ: ಅರಬೈಲ್ ಘಾಟಿ ಬರುವ ಒಂದು ಗಂಟೆ ಮೊದಲು ಹೊಟ್ಟೆ ತುಂಬ ಕೊಡ್ಬೇಡಿ, ಹಾಗಂತ ಖಾಲಿ ಹೊಟ್ಟೆಯೂ ಬೇಡ, ಎರಡು ಬಿಸ್ಕತ್ತು ಸಾಕು. ಮೊಬೈಲ್ ಕೈಗೆ ಕೊಡ್ಲೇಬೇಡಿ, ಹೊರಗೆ ದೂರ ನೋಡ್ಲಿ. ಕಿಟಕಿ ಸ್ವಲ್ಪ ಇಳಿಸಿ. ಮಾತ್ರೆ ಬೇಕಾದ್ರೆ ಡಾಕ್ಟರ ಹತ್ರ ಕೇಳಿಯೇ ಕೊಡಿ. ಒಂದು ಹತ್ತು ಪ್ಲಾಸ್ಟಿಕ್ ತೊಟ್ಟೆ ಡ್ಯಾಶ್‌ಬೋರ್ಡಿನಲ್ಲೇ ಇರ್ಲಿ, ಡಿಕ್ಕಿಯಲ್ಲಿ ಇಟ್ಟ ತೊಟ್ಟೆಯಿಂದ ಪ್ರಯೋಜನ ಇಲ್ಲ, ಇದು ಅನುಭವದ ಮಾತು.

ತಾಳವಾಡಿ ರೈತ
ಡಿಕ್ಕಿ ತೊಟ್ಟೆ ಮಾತು ಓದಿ ನಗು ತಡೀಲಿಲ್ಲ ಟೀಚರ್ ಮೇಡಂ. ನಮ್ಮ ಕಡೆ ದಿಂಬಂ ಘಾಟಿ, 27 ಹೇರ್‌ಪಿನ್ನು. ನಮಗೆ ಆ ಕವರ್ ಇಲ್ದೆ ಮದುವೆಗೂ ಹೋಗೋಕಾಗಲ್ಲ.

ಭೀಮಾತೀರ
ನಮಸ್ಕಾರ್ರಿ. ನಾ ಸೊಲ್ಲಾಪುರದಾಂವ, ದಕ್ಷಿಣ ಸೊಲ್ಲಾಪುರ ತಾಲೂಕ, ಮನ್ಯಾಗ ಕನ್ನಡಾನ. ನಮ್ಮೂರಿಗೆ ಬರ್ಲಿಕ್ಕತ್ತೀರಿ ಅಂದ್ರ ಸಂತೋಷ. ಎಪ್ರಿಲ್ ಮೇದಾಗ ಬರ್ತೀನಿ ಅಂದಿದ್ರ ನಾನs ಬ್ಯಾಡ ಅಂತಿದ್ದೆ, ಬಿಸಲಿಗೆ ನಿಮ್ಮ ತಾಯಿಯವರು ಕಾರ ಬಿಟ್ಟು ಇಳೀತಿದ್ದಿಲ್ಲ. ಡಿಸೆಂಬರ್ ಛಲೋ, ಮುಂಜಾನಿ ಥಂಡಿ ಇರ್ತದ, ಸ್ವೆಟರ್ ತರ್ರಿ.

ಈಗ ಒಂದು ಮಾತು. ನಿಮ್ಮ ಲಿಸ್ಟಿನಾಗ ಕೂಡಲಸಂಗಮ ಅದ. ಮ್ಯಾಪಿನಾಗ ಹಾಕೂವಾಗ ಹುಷಾರ್ರಿ. ಬಸವಣ್ಣನವರ ಕೂಡಲಸಂಗಮ ಬಾಗಲಕೋಟಿ ಜಿಲ್ಹಾದಾಗ, ಕೃಷ್ಣಾ ಮಲಪ್ರಭಾ ಕೂಡೂವಲ್ಲಿ. ನಮ್ಮ ಕಡೆ ಇನ್ನೊಂದು ಕೂಡಲ ಸಂಗಮ ಅದ, ಹತ್ತರಸಂಗ ಕೂಡಲ, ಭೀಮಾ ಸೀನಾ ಕೂಡೂವಲ್ಲಿ. ಬ್ಯಾರೆ ಬ್ಯಾರೆ!

ಹೊಸೂರು ಹುಡುಗ
ಅಯ್ಯೋ ಇದು ನಮಗೇ ಆಗಿದೆ ಸರ್. ಸಂಗಮ ಅಂತ ಹಾಕಿ ಮೊದಲು ಬಂದಿದ್ದನ್ನ ಒತ್ತಿದ್ವಿ, ನಮ್ಮಪ್ಪ ಬಸವಣ್ಣನವರ ಐಕ್ಯಲಿಂಗ ಎಲ್ಲಪ್ಪ ಅಂತ ಕೇಳ್ತಾರೆ, ಅಲ್ಲಿ ಯಾರೋ ಮರಾಠಿಯಲ್ಲಿ ಏನೋ ಹೇಳ್ತಾರೆ, ನಮಗೆ ತಮಿಳು ಬರುತ್ತೆ ತೆಲುಗು ಬರುತ್ತೆ ಕನ್ನಡ ಬರುತ್ತೆ, ಮರಾಠಿ ಒಂದೇ ಬರಲ್ಲ. ಆದ್ರೆ ಜಾಗ ಸೂಪರ್. ಒಂದೇ ಲಿಂಗದ ಮೇಲೆ ಪೂರ್ತಿ ಮುಖಗಳು, ಅಪ್ಪ ಅಲ್ಲೇ ಅರ್ಧ ಗಂಟೆ ಕೂತುಬಿಟ್ರು.

ಭೀಮಾತೀರ
359 ಮುಖ ಅವ್ರಿ. ಅಲ್ಲೇ ಇನ್ನೊಂದು, ಶಕ 940, ಅಂದ್ರ 1018ರ ಶಾಸನ ಸಿಕ್ಕದ, ಮರಾಠಿಯ ಹಳೇ ಶಾಸನದಾಗ ಅದೂ ಒಂದು. ಸೊಲ್ಲಾಪುರದಿಂದ 40 ಕಿಲೋಮೀಟರ್ ಆಸುಪಾಸು. ಬದಿಯಡ್ಕದವರ, ನೀವು ಹೆಂಗೂ ತಂಗಿ ಮನ್ಯಾಗ ಇರ್ತೀರಿ, ಅಲ್ಲಿಂದ ಒಂದಿನ ಹೋಗಿ ಬರ್ರಿ, ದಾರಿಯೊಳಗಿನ ಲಿಸ್ಟಿಗೆ ಬ್ಯಾಡ. ಸೊಲ್ಲಾಪುರ ಮುಟ್ಟಿದ ಮ್ಯಾಲಿನ ಜಾಗಾ ನನಗ ಬಿಡ್ರಿ, ಸಿದ್ಧರಾಮೇಶ್ವರರ ಗುಡಿ ಕೆರಿ ನಡುವ ಅದ, ಮೆಟ್ಲಿನ ತ್ರಾಸಿಲ್ಲ, ಅವರು ಬಸವಣ್ಣನವರ ಕಾಲದ ಶರಣರು ಅಂತ ತಾಯಿಯವರಿಗೆ ಗೊತ್ತಿರ್ತದ. ಅಕ್ಕಲಕೋಟ ಒಂದು ಮುಂಜಾನಿ. ಹುಡುಗರಿಗೆ ನಾನ್ನಜ ಕಡೆ ಕೃಷ್ಣಮೃಗ ನೋಡ್ಲಿಕ್ಕೆ ಸಿಗ್ತಾವ. ಅದು ಮಾಳಢೋಕ ಹಕ್ಕಿಯ ಅಭಯಾರಣ್ಯ ಅಂತ ಮಾಡಿದ್ದು, ಆ ಹಕ್ಕಿ ಕಾಣ್ತದ ಅಂತ ಆಸೆ ಇಟ್ಕೊಂಡು ಹೋಗಬ್ಯಾಡ್ರಿ.

ಆದೋನಿ ಅಣ್ಣ
ನಳದುರ್ಗ ಬಿಟ್ರಲ್ಲಣ್ಣ. ಸೊಲ್ಲಾಪುರದಿಂದ ಹೈದರಾಬಾದ್ ರೋಡಲ್ಲಿ ಒಂದು ಗಂಟೆ. ಕೋಟೆ ಒಳಗೇ ಹೊಳೆಗೆ ಕಟ್ಟೆ ಕಟ್ಟಿ ಅದರ ಹೊಟ್ಟೆಯಲ್ಲಿ ಪಾಣಿ ಮಹಲ್ ಮಾಡಿದಾರೆ. ಮಳೆಗಾಲದಲ್ಲಿ ಆದ್ರೆ ಮೇಲಿಂದ ನೀರು ಬೀಳ್ತಾ ಇರುತ್ತೆ, ನೀವು ಒಳಗೆ ನಿಂತು ನೋಡಬಹುದು. ಡಿಸೆಂಬರಲ್ಲಿ ನೀರು ಬೀಳಲ್ಲ ಬಿಡಿ.

ಬದಿಯಡ್ಕದವ
ಇಷ್ಟು ಜನ ಹೇಳಿದ್ಮೇಲೆ ಕೂತು ಹೊಡೆದು ಹಾಕಿದೆ. ಮನೆಯಲ್ಲಿ ಓಟಿಂಗ್ ಮಾಡಿದ್ದು. ಮಗಳದ್ದು ಬಾದಾಮಿ. ಮಗನದ್ದು ಗೋಲಗುಮ್ಮಟ, ಅಲ್ಲಿ ಗೋಡೆಗೆ ಪಿಸುಗುಟ್ಟಿದ್ರೆ ಆಚೆ ಕಡೆ ಕೇಳ್ತದೆ ಹೇಳಿ ಅಕ್ಕ ಹೇಳಿದ್ದಾಳೆ. ಹೆಂಡತಿ ಮಿರ್ಜಾನ್ ಹೇಳಿದ್ಳು, ಬೇಕಲ ಕೋಟೆ ಮನೆ ಹತ್ರವೇ ಇರುವಾಗ ಇನ್ನೊಂದು ಮುರಕಲ್ಲಿನ ಕೋಟೆ ಎಂತಕ್ಕೆ ಅಂತ ನಾನು ಕೇಳಿದ್ದಕ್ಕೆ "ಬೇಕಲಕ್ಕೆ ನೀವು ನನ್ನನ್ನು ಕರ್ಕೊಂಡು ಹೋಗಿ ಎಷ್ಟು ವರ್ಷ ಆಯ್ತು" ಅಂತ ಕೇಳಿದ್ಳು, ಅಲ್ಲಿಗೆ ಮಿರ್ಜಾನ್ ಪಾಸಾಯ್ತು. ಅಮ್ಮನ ಹತ್ರ ಕೇಳಿದ್ರೆ "ನನಗೆ ಎಂತ ಬೇಡ, ಮಗಳ ಮನೆ ನೋಡಿದ್ರೆ ಸಾಕು".

ಪೈವಳಿಕೆ ಟೀಚರ್
'ಎಂತ ಬೇಡ' ಹೇಳುವವರಿಗೇ ಮೊದಲು ಜಾಗ ನೋಡ್ಬೇಕು. ಬಾದಾಮಿಯಲ್ಲಿ ಗುಹೆಗಳಿಗೆ ಮೆಟ್ಲೇ ಮೆಟ್ಲು, ನಾಲ್ಕನೇದಕ್ಕೆ ಹೋಗುವಾಗ ನನಗೇ ಏದುಸಿರು ಬಂತು. ಅಮ್ಮನಿಗೆ ಅಲ್ಲಿ ಆಗುದಿಲ್ಲ. ಪಟ್ಟದಕಲ್ಲು ಹತ್ರವೇ, ಅಲ್ಲಿ ಎಲ್ಲ ಸಮತಟ್ಟು, ಹುಲ್ಲುಹಾಸು, ವಿರೂಪಾಕ್ಷನಿಗೆ ಈಗಲೂ ಪೂಜೆ ಉಂಟು. ನೋಡ್ಲಿಕ್ಕೆ ಮಾತ್ರ ಇರುವ ದೇವಸ್ಥಾನ ಅಂದ್ರೆ ನಮ್ಮ ಅಮ್ಮಂದಿರಿಗೆ ಮನಸ್ಸು ಬರುದಿಲ್ಲ, ದೀಪ ಇರ್ಬೇಕು. ನನ್ನ ಕೇಳಿದ್ರೆ ಐಹೊಳೆ ಬಿಡಿ, ಪಟ್ಟದಕಲ್ಲು ಹಾಕಿ.

ಮತ್ತೆ ಗೋಲಗುಮ್ಮಟಕ್ಕೆ ಬಾಗಿಲು ತೆರೆದ ಕೂಡ್ಲೇ ಹೋಗಿ. ಡಿಸೆಂಬರ್ ಅಂದ್ರೆ ಕರ್ನಾಟಕದ ಶಾಲೆಗಳ ಪ್ರವಾಸದ ಸೀಸನ್, ಹತ್ತು ಬಸ್ಸು ಒಟ್ಟಿಗೆ ಬಂದ್ರೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಿಳ್ಳೆ ಬಿಟ್ಟು ಬೇರೆ ಎಂತ ಕೇಳುದಿಲ್ಲ. ಶುಕ್ರವಾರ ಆದ್ರೆ ಅಲ್ಲಿಯ ಮ್ಯೂಸಿಯಂಗೆ ರಜೆ, ಅದನ್ನೂ ನೋಡಿಕೊಳ್ಳಿ.

ಕುಂಬಳೆ ಡ್ರೈವರ್
ಈಗ ಲಿಸ್ಟ್ ಮನುಷ್ಯರದ್ದಾಯ್ತು. ಮೊದಲ ದಿನ ಬೆಳಿಗ್ಗೆ ಐದಕ್ಕೆ ಹೊರಡಿ, ಮಕ್ಕಳು ನಿದ್ರೆಯಲ್ಲಿರುವಾಗಲೇ ಉಡುಪಿ ದಾಟ್ಬೇಕು. ಕುಂದಾಪುರದಲ್ಲಿ ತಿಂಡಿ. ಮರವಂತೆಯಲ್ಲಿ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ, ಫೋಟೋಕ್ಕೆ ಹೈವೇ ಮೇಲೆಯೇ ಗಾಡಿ ನಿಲ್ಲಿಸ್ಬೇಡಿ, ಲಾರಿಯವರು ಬರುದು ನೋಡಿದ್ರೆ ಹೆದರಿಕೆ ಆಗ್ತದೆ, ಸರ್ವಿಸ್ ರೋಡಿಗೆ ಇಳಿಸಿ ನಿಲ್ಲಿಸಿ. ನೀರಿಗೆ ಇಳಿಸ್ಬೇಡಿ ಮಕ್ಕಳನ್ನು, ಮರವಂತೆಯಲ್ಲೂ ಇಲ್ಲ, ಮುರುಡೇಶ್ವರದಲ್ಲಿ ಮೊದಲೇ ಇಲ್ಲ, 2024ರ ಡಿಸೆಂಬರಲ್ಲಿ ಶಾಲೆಯಿಂದ ಬಂದ ಮಕ್ಕಳು ಮುಳುಗಿ ತೀರಿಹೋದದ್ದು ಅಲ್ಲಿಯೇ. ಮಿರ್ಜಾನ್ ಕುಮಟಾ ದಾಟಿದ ಮೇಲೆ, ಹೈವೇಯಿಂದ ಸ್ವಲ್ಪವೇ ಒಳಗೆ. ಘಾಟಿಯನ್ನು ಬೆಳಕಿರುವಾಗಲೇ ಹತ್ತಿ. ರಾತ್ರಿ ಹುಬ್ಬಳ್ಳಿ. ಎರಡನೇ ದಿನ ನವಲಗುಂದ, ನರಗುಂದ ಆಗಿ ಕುಳಗೇರಿ ಕ್ರಾಸಿನಲ್ಲಿ ಬಾದಾಮಿಗೆ ತಿರುಗಿ, ಅಲ್ಲೇ ಉಳ್ಕೊಳ್ಳಿ. ಮೂರನೇ ದಿನ ವಿಜಯಪುರ, ಸಂಜೆಗೆ ತಂಗಿ ಮನೆ.

ಫಾಸ್ಟ್ಯಾಗ್‌ನ ವಾರ್ಷಿಕ ಪಾಸು ಮಾಡಿದ್ದೀರಾ? 2025ರ ಆಗಸ್ಟ್ 15ಕ್ಕೆ ಶುರುವಾದಾಗ 3,000 ರೂಪಾಯಿ, 200 ಟ್ರಿಪ್ಪು ಅಥವಾ ಒಂದು ವರ್ಷ. ನೀವು ಮಂಗಳೂರಿಗೆ ಆಗಾಗ ಹೋಗುವವರಾದ್ರೆ ಲಾಭ, ವರ್ಷಕ್ಕೆ ಇದೊಂದೇ ಟ್ರಿಪ್ ಆದ್ರೆ ಲೆಕ್ಕ ಹಾಕಿ ನೋಡಿ.

ಭೀಮಾತೀರ
ಮೂರನೇ ದಿನ ಕೊಲ್ಹಾರದಾಗ ಮೊಸರು ತಿನ್ನದೆ ಬಂದ್ರ ನಮ್ಮೂರಿಗೆ ಬರಬ್ಯಾಡ್ರಿ 😀 ಕೃಷ್ಣಾ ನದಿಯ ದೊಡ್ಡ ಸೇತುವಿ ದಾಟಿದ ಕೂಡ್ಲೆ, ಸಣ್ಣ ಮಣ್ಣಿನ ಗಡಿಗಿಯೊಳಗ ಇಟ್ಟು ಮಾರ್ತಾರ. ಬೋರಲ ಹಾಕಿದ್ರೂ ಬೀಳಂಗಿಲ್ಲ. ಝಳಕಿ ಧೂಳಖೇಡ ದಾಟಿ ಭೀಮಾ ಹೊಳಿ ಬಂತಂದ್ರ ಆ ಕಡೆ ಮಹಾರಾಷ್ಟ್ರ, ಬೋರ್ಡ್ ಬದಲಾಗ್ತಾವ, ಮಾತು ಬದಲಾಗಂಗಿಲ್ಲ, ಹೆದರಬ್ಯಾಡ್ರಿ.

ಬದಿಯಡ್ಕದವ
ಜನವರಿ ಆಯ್ತು, ವಾಪಸು ಬಂದು ಬರೆಯುದು ತಡ ಆಯ್ತು, ಕ್ಷಮೆ ಇರ್ಲಿ. ಆದದ್ದು ಆದ ಹಾಗೆ ಹೇಳ್ತೇನೆ.

ಐದಕ್ಕೆ ಹೊರಡುದು ಅಂದದ್ದು ಆರೂಮುಕ್ಕಾಲು ಆಯ್ತು. ಅಮ್ಮ ತಂಗಿಗೆ ಅಂತ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಎರಡು ತೆಂಗಿನಕಾಯಿ ಗೋಣಿ, ಕುಚ್ಚಿಲಕ್ಕಿ ಎಲ್ಲ ಕಟ್ಟಿಸಿದ್ರು, ಡಿಕ್ಕಿ ಮುಚ್ಚುದಿಲ್ಲ. ಒಂದು ಗೋಣಿ ಇಳಿಸಿದ್ದಕ್ಕೆ ಮಂಗಳೂರು ತನಕ ಮಾತಾಡ್ಲಿಲ್ಲ.

ಮಿರ್ಜಾನ್ ಒಳ್ಳೆದಾಯ್ತು, ಹೆಂಡತಿ ಗೆದ್ದಳು, ಒಪ್ತೇನೆ. ಬೇಕಲದ ಹಾಗೆ ಕಡಲಿಲ್ಲ ಆದ್ರೆ ಹಸಿರು ಹತ್ತಿದ ಗೋಡೆ, ಜನ ಕಡಿಮೆ, ಮಕ್ಕಳು ಒಂದು ಗಂಟೆ ಕಳ್ಳ ಪೊಲೀಸ್ ಆಡಿದ್ರು. ಈ ಕೋಟೆಯನ್ನು ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತ ಕರೀತಿದ್ರು ಅಂತ ಮಗಳು ಹೇಳಿದ್ದಕ್ಕೆ ಅಮ್ಮ "ಈಗ ಇದ್ದಿದ್ರೆ ನಮ್ಮ ಬಳ್ಳಿಯ ಸೊರಗು ರೋಗಕ್ಕೆ ಮದ್ದು ಕೇಳ್ಬಹುದಿತ್ತು" ಹೇಳಿದ್ರು.

ಘಾಟಿಯಲ್ಲಿ ವಾಂತಿ ಆಯ್ತು. ಮಗನಿಗಲ್ಲ, ನನ್ನ ಹೆಂಡತಿಗೆ. ತೊಟ್ಟೆ ಡ್ಯಾಶ್‌ಬೋರ್ಡಿನಲ್ಲಿ ಇತ್ತು, ಟೀಚರಿಗೆ ಥ್ಯಾಂಕ್ಸ್.

ಹುಬ್ಬಳ್ಳಿಯಲ್ಲಿ ಒಂದು ಎಡವಟ್ಟು. ಆನ್‌ಲೈನಲ್ಲಿ ಬುಕ್ ಮಾಡಿದ ಲಾಡ್ಜು, ಹೆಸರು ಬೇಡ, ಲಿಫ್ಟ್ ಉಂಟು ಅಂತ ಹಾಕಿದ್ರು, ಲಿಫ್ಟ್ ಇತ್ತು, ನಡೀತಾ ಇರ್ಲಿಲ್ಲ. ರೂಮು ಮೂರನೇ ಮಹಡಿ. ಅಮ್ಮ ಒಂದೊಂದು ಮೆಟ್ಲಿಗೆ ಒಂದೊಂದು ದೇವರ ಹೆಸರು ಹೇಳಿ ಹತ್ತಿದ್ರು, ಮೇಲೆ ಮುಟ್ಟುವಾಗ ದೇವರುಗಳು ಮುಗಿದಿದ್ರು. ವಯಸ್ಸಾದವರು ಇದ್ರೆ ಫೋನ್ ಮಾಡಿ ಕೆಳಗಿನ ರೂಮು ಉಂಟಾ ಅಂತಲೇ ಕೇಳಿ, ಲಿಫ್ಟ್ ಉಂಟಾ ಅಂತಲ್ಲ.

ಬಾದಾಮಿಯಲ್ಲಿ ನಾನು ಮಕ್ಕಳ ಒಟ್ಟಿಗೆ ಗುಹೆಗೆ ಹೋದೆ, ಹೆಂಡತಿ ಅಮ್ಮನ ಒಟ್ಟಿಗೆ ಕೆರೆ ಬದಿಗೆ ಭೂತನಾಥ ದೇವಸ್ಥಾನಕ್ಕೆ. ನಟರಾಜನ ಕೈ ಮಗ 16 ಹೇಳಿದ, ಮತ್ತೆ 19, ಮತ್ತೆ 18. ಮೂರನೇ ಗುಹೆಯಲ್ಲಿ 578ರ ಶಾಸನ ಉಂಟು ಅಂತ ಮಗಳು ಓದಿಕೊಂಡು ಬಂದಿದ್ಳು, ಹೇಳ್ಲಿಕ್ಕೆ ಶುರು ಮಾಡುವಾಗ ಮಂಗ ಅವಳ ಕೈಯಿಂದ ಚಿಪ್ಸ್ ಕಿತ್ಕೊಂಡು ಹೋಯ್ತು. ತಿನ್ನುವ ವಸ್ತು ಕೈಯಲ್ಲಿ ಹಿಡ್ಕೊಳ್ಳಬೇಡಿ ಅಲ್ಲಿ. ಮಧ್ಯಾಹ್ನ ಬನಶಂಕರಿ ಹತ್ರ ಬುಟ್ಟಿ ಇಟ್ಕೊಂಡ ಹೆಂಗಸರ ಕೈಯಿಂದ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ. ಅಮ್ಮ ಮೂರು ದಿನದಲ್ಲಿ ಹೊಟ್ಟೆ ತುಂಬ ತಿಂದದ್ದು ಅದೊಂದೇ.

ಇನ್ನು ಪಟ್ಟದಕಲ್ಲು. ಟೀಚರೇ ನಿಮಗೆ ಎಷ್ಟು ಹೇಳಿದ್ರೂ ಸಾಲದು. ವಿರೂಪಾಕ್ಷ ದೇವಸ್ಥಾನದ ಒಳಗೆ ಕತ್ತಲೆ, ಕಂಬಗಳಲ್ಲೆಲ್ಲ ಸಣ್ಣ ಸಣ್ಣ ಕೆತ್ತನೆ, ನಾನು ಹಾಗೇ ದಾಟಿ ಹೋದೆ. ಅಮ್ಮ ಒಂದು ಕಂಬದ ಎದುರು ನಿಂತ್ರು. ಕೋಲು ಮಗನ ಕೈಗೆ ಕೊಟ್ಟು ಕಂಬಕ್ಕೆ ಹತ್ರ ಹೋಗಿ ನೋಡಿ "ಇದು ಜಟಾಯು ಅಲ್ವಾ?" ನೋಡಿದ್ರೆ ಹೌದು, ರಾವಣನ ಮೇಲೆ ಹಾರಿ ಬರುವ ಹಕ್ಕಿ. ಸಣ್ಣದಿರುವಾಗಿಂದ ರಾತ್ರಿಯೆಲ್ಲ ಕೂತು ತಾಳಮದ್ದಳೆ ಕೇಳಿದವರು, ಮತ್ತೆ ಕೇಳ್ಬೇಕಾ, ಒಂದೊಂದೇ ಕಂಬಕ್ಕೆ ಹೋಗಿ ಇದು ಯಾವ ಸಂದರ್ಭ, ಇವ ಯಾರು, ಇವ ಏನು ಹೇಳಿದ, ಅವ ಎಂತ ಉತ್ತರ ಕೊಟ್ಟ ಅಂತ ಅರ್ಥ ಹೇಳ್ಲಿಕ್ಕೆ ಶುರು, ರಾವಣನ ಮಾತಿಗೆ ಸ್ವರ ಬೇರೆ, ಜಟಾಯುವಿನದ್ದಕ್ಕೆ ಬೇರೆ. ಬಾಗಲಕೋಟೆ ಕಡೆಯ ಒಂದು ಕುಟುಂಬ ಹಿಂದೆಯೇ ನಿಂತು ಕೇಳಿತು, ಅವರು ಅಮ್ಮನನ್ನು ಗೈಡ್ ಅಂತ ಗ್ರಹಿಸಿದ್ದು, ಕೊನೆಗೆ "ಎಷ್ಟ್ ಕೊಡಬೇಕ್ರಿ" ಕೇಳಿದ್ರು. ಗಂಟು ನೋವಿನ ಸುದ್ದಿಯೇ ಇಲ್ಲ. ಒಂದು ಗಂಟೆ ಇಟ್ಟಿದ್ದೆವು, ಮೂರು ಗಂಟೆ ಆಯ್ತು. ಡ್ರೈವರಣ್ಣನ ಲೆಕ್ಕವೇ ಸರಿ.

ಗೋಲಗುಮ್ಮಟಕ್ಕೆ ಬೇಗ ಹೋಗ್ಬೇಕಂತ ಇತ್ತು, ಮುಟ್ಟುವಾಗ ಹನ್ನೊಂದು. ಬಸ್ಸು ಎಂಟು ನಿಂತಿತ್ತು. ಅಮ್ಮ ಕೆಳಗೆ ಹುಲ್ಲಿನಲ್ಲಿ ಕೂತ್ರು, ನಾವು ಏಳು ಅಂತಸ್ತು ಹತ್ತಿದೆವು, ಮೆಟ್ಲು ಅಗಲ ಇಲ್ಲ, ಎತ್ತರ. ಮಗ ಗೋಡೆಗೆ ಬಾಯಿ ಇಟ್ಟು ಹೇಳಿದ್ದು "ಅಕ್ಕ ನನ್ನ ಚಾಕಲೇಟ್ ತಿಂದಿದ್ದಾಳೆ". ಆಚೆ ಕಡೆ ಅಕ್ಕನಿಗೆ ಕೇಳುವ ಮೊದಲು ಯಾವುದೋ ಶಾಲೆಯ ಹುಡುಗನಿಗೆ ಕೇಳಿತು, ಅವ ಜೋರಾಗಿ "ಕೊಟ್ ಬಿಡ್ರೀ ಅಕ್ಕಾರ!" ಅಂದ. ಅದು ಇಡೀ ಗುಮ್ಮಟದಲ್ಲಿ ತಿರುಗಿ ತಿರುಗಿ ಕೇಳಿತು. ಮಗಳು ಸೊಲ್ಲಾಪುರ ತನಕ ಅವನ ಹತ್ರ ಮಾತು ಬಿಟ್ಟಿದ್ಳು.

ಕೆಳಗೆ ಬಂದ್ರೆ ಅಮ್ಮನ ಸುತ್ತ ಇಂಡಿ ಕಡೆಯ ನಾಲ್ಕು ಹೆಂಗಸರು. ನಮ್ಮ ಕಾರಿನ ಕೆಎಲ್ 14 ನೋಡಿ "ಕೇರಳದವ್ರು ಇಷ್ಟ್ ಛಲೋ ಕನ್ನಡ ಹ್ಯಾಂಗ ಕಲ್ತ್ರಿ" ಅಂತ ಕೇಳಿದ್ರಂತೆ. ಅಷ್ಟು ಸಾಕಾಯ್ತು, ನಾವು ಇಳಿದು ಬರುವಾಗ ಅಮ್ಮ, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ತಲುಪಿದ್ರು.

ಭೀಮಾತೀರ
ನಮಗೂ ಹಂಗs ಕೇಳ್ತಾರ್ರಿ. ಎಂಎಚ್ 13 ನೋಡಿ ಬೆಂಗಳೂರಾಗ ಹಿಂದಿ ಮಾತಾಡ್ತಾರ ನನ್ನ ಕೂಡ.

ಹೊಸೂರು ಹುಡುಗ
ಟಿಎನ್ 70ಕ್ಕೂ ಅದೇ ಕಥೆ. ಅಮ್ಮನ್ನ ನಮ್ಮ ಕಡೆಗೂ ಕರ್ಕೊಂಡು ಬನ್ನಿ ಸರ್, 1956 ಪೂರ್ತಿ ಕೇಳ್ಬೇಕು.

ಕುಂಬಳೆ ಡ್ರೈವರ್
ಬರುವಾಗ ಯಾವ ದಾರಿ?

ಬದಿಯಡ್ಕದವ
ಬರುವಾಗ ಎಲ್ಲಿಯೂ ಇಳಿಯುದಿಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು. ಇಳಿದದ್ದು ಕೊಲ್ಹಾರದಲ್ಲಿ ಮಾತ್ರ, ಹೋಗುವಾಗ ತಿಂದದ್ದು ಅಮ್ಮನಿಗೆ ಸಾಕಾಗ್ಲಿಲ್ಲ. ಗಡಿಗೆಯನ್ನು ಬಿಸಾಡ್ಲಿಕ್ಕೆ ಬಿಡ್ಲಿಲ್ಲ, ಯಲ್ಲಾಪುರ, ಅಂಕೋಲೆ, ಮಂಗಳೂರು, ಬದಿಯಡ್ಕ ತನಕ ಮಡಿಲಲ್ಲೇ ಇಟ್ಕೊಂಡು ಬಂದ್ರು. ಈಗ ಅದರಲ್ಲಿ ಮೊಸರು ಹಾಕ್ತಾರೆ, ಆದ್ರೆ ಆ ದಪ್ಪ ಬರುದಿಲ್ಲ. ಭೀಮಾತೀರದವರೇ, ಅದು ಹೇಗೆ ಮಾಡುದು ಕೇಳು ಹೇಳಿ ದಿನಾ ಹಿಂದೆ ಬಿದ್ದಿದ್ದಾರೆ.

ಭೀಮಾತೀರ
ಹಾಲು ಸಣ್ಣ ಉರಿ ಮ್ಯಾಲ ಭಾಳ ಹೊತ್ತು ಕಾಯಸ್ಬೇಕ್ರಿ, ಛಲೋ ಇಳೀಬೇಕು. ಉಗುರ ಬೆಚ್ಚಗ ಆದ ಮ್ಯಾಲ ಹೆಪ್ಪು. ಗಡಿಗಿ ಒಣಗಿರ್ಬೇಕು, ಮಣ್ಣು ನೀರು ಕುಡೀತದ, ಅದಕ್ಕs ಮೊಸರು ಗಟ್ಟಿ ಆಗೂದು. ನಿಮ್ಮ ಕಡೆ ಹವಾದಾಗ ಪಸಿ ಜಾಸ್ತಿ, ಗಡಿಗಿ ಒಂದಿನ ಬಿಸಲಿಗೆ ಇಟ್ಟು ಹಾಕ್ಲಿಕ್ಕೆ ಹೇಳ್ರಿ ತಾಯಿಯವರಿಗೆ. ಮತ್ತ ಎಮ್ಮಿ ಹಾಲು ಬೇಕು, ಆಕಳ ಹಾಲಿಗೆ ಆಗಂಗಿಲ್ಲ.

ಬದಿಯಡ್ಕದವ
ಓದಿ ಹೇಳಿದೆ. "ಎಮ್ಮೆ ಎಲ್ಲಿಂದ ತರುದು, ನಮ್ಮ ಗಿಡ್ಡ ದನ ಕೊಡುವ ಹಾಲು ಚಾಯಕ್ಕೇ ಸಾಕಾಗುದಿಲ್ಲ" ಹೇಳಿದ್ರು. ಗಡಿಗೆ ಮಾತ್ರ ಈಗ ಅಂಗಳದಲ್ಲಿ ಬಿಸಿಲಿಗೆ ಕೂತಿದೆ.